ಅಂಗವೈಕಲ್ಯ ಮತ್ತು ಬಡತನ

ಕಣ್ಣು, ಕಿವಿ, ಕೈಕಾಲು, ಬುದ್ಧಿ, ಮನಸ್ಸು ಇವುಗಳಲ್ಲಿ ಯಾವುದಾದರೊಂದರ ದೀರ್ಘಕಾಲದ ಊನದಿಂದ ಒಬ್ಬ ವ್ಯಕ್ತಿಗೂ ಆತನ ಮನೆಯವರಿಗೂ ಒದಗುವ ಆರ್ಥಿಕ ದುಃಸ್ಥಿತಿಯನ್ನು ಈ ವಿಷಯದಡಿ ಅಭ್ಯಸಿಸಲಾಗುತ್ತದೆ. ಊನ ದೇಹದಲ್ಲಿರುತ್ತದೆ. ಬಡತನ ಬರುವುದು ಶಾಲೆಯ ಹಾಜರಿ ಪುಸ್ತಕ, ಬಸ್ಸಿನ ಮೆಟ್ಟಿಲು, ಕೂಲಿಯ ಲೆಕ್ಕ, ಕಚೇರಿಯ ಕಾಗದ ಇವುಗಳ ದಾರಿಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 130 ಕೋಟಿ ಜನ, ಅಂದರೆ ಆರರಲ್ಲಿ ಒಬ್ಬರು, ಗಣನೀಯ ಅಂಗವೈಕಲ್ಯವುಳ್ಳವರು. ಇವರಲ್ಲಿ ಶೇ. 80ರಷ್ಟು ಮಂದಿ ಇರುವುದು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ.

ಇಷ್ಟು ದೊಡ್ಡ ಸಮುದಾಯ ಅಭಿವೃದ್ಧಿಯ ಚರ್ಚೆಯೊಳಗೆ ಬಂದದ್ದು ಬಹಳ ತಡವಾಗಿ. 2000ದಲ್ಲಿ ವಿಶ್ವಸಂಸ್ಥೆ ಮುಂದಿಟ್ಟ ಸಹಸ್ರಮಾನದ ಗುರಿಗಳಲ್ಲಿ ಬಡತನ ನಿವಾರಣೆಯೇ ಮೊದಲನೆಯದು. ಅಂಗವಿಕಲರ ಹೆಸರು ಅವುಗಳಲ್ಲಿ ಎಲ್ಲಿಯೂ ಇರಲಿಲ್ಲ. 2006ರ ಡಿಸೆಂಬರ್ 13ರಂದು ಅಂಗೀಕೃತವಾದ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ತನ್ನ ಪೀಠಿಕೆಯಲ್ಲೇ ಅಂಗವಿಕಲರಲ್ಲಿ ಹೆಚ್ಚಿನವರು ಬಡವರೆಂಬುದನ್ನು ಒಪ್ಪಿಕೊಂಡಿತು. ಭಾರತ ಅದನ್ನು 2007ರ ಅಕ್ಟೋಬರ್ 1ರಂದು ಅನುಮೋದಿಸಿತು. 2015ರ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಮಾತ್ರ ಶಿಕ್ಷಣ, ಉದ್ಯೋಗ, ಸಾರಿಗೆಯ ಅಂಶಗಳಡಿ ಅಂಗವಿಕಲರ ಉಲ್ಲೇಖ ಸ್ಪಷ್ಟವಾಗಿ ಬಂದಿದೆ.

ಎಣಿಕೆ

ಭಾರತದಲ್ಲಿ 1872ರಿಂದ 1931ರವರೆಗಿನ ಜನಗಣತಿಗಳು ಕುರುಡರು, ಕಿವುಡ–ಮೂಕರು, ಕುಷ್ಠರೋಗಿಗಳು, ಬುದ್ಧಿಭ್ರಮಣೆಯವರು ಎಂಬ ವರ್ಗಗಳಡಿ ಲೆಕ್ಕ ಹಾಕುತ್ತಿದ್ದವು. ಆಮೇಲೆ ಈ ಪ್ರಶ್ನೆಯನ್ನೇ ಕೈಬಿಡಲಾಯಿತು. 1981ರಲ್ಲಿ ಒಮ್ಮೆ ಮರಳಿ ಬಂದು 1991ರಲ್ಲಿ ಮತ್ತೆ ಮಾಯವಾಯಿತು. ಅಂಗವಿಕಲರ ಹಕ್ಕುಗಳಿಗಾಗಿ ಜಾವೇದ್ ಅಬಿದಿ ಮೊದಲಾದವರು ನಡೆಸಿದ ಹೋರಾಟದ ಒತ್ತಡದಿಂದ 2001ರಲ್ಲಿ ಪುನಃ ಸೇರಿತು. ಆಗ ಸಿಕ್ಕ ಸಂಖ್ಯೆ 2.19 ಕೋಟಿ. 2011ರಲ್ಲಿ ಅದು 2.68 ಕೋಟಿಗೆ ಏರಿತು, ಅಂದರೆ ಜನಸಂಖ್ಯೆಯ ಶೇ. 2.21. ಕರ್ನಾಟಕದ ಪಾಲು 13.24 ಲಕ್ಷ.

ಜಗತ್ತಿನ ಸರಾಸರಿ ಶೇ. 16 ಇರುವಾಗ ಭಾರತದಲ್ಲಿ ಶೇ. 2 ಎಂದರೆ ಯಾರೂ ನಂಬಲಾರರು. ಅಂತರವಿರುವುದು ಪ್ರಶ್ನೆ ಕೇಳುವ ರೀತಿಯಲ್ಲಿ. ಗಣತಿದಾರ ಬಾಗಿಲಲ್ಲಿ ನಿಂತು ‘ಮನೆಯಲ್ಲಿ ಅಂಗವಿಕಲರು ಯಾರಾದರೂ ಇದ್ದಾರಾ?’ ಎಂದರೆ ಮದುವೆಗೆ ಬಂದ ಮಗಳಿರುವ ಮನೆಯವರು ಇಲ್ಲವೆನ್ನುತ್ತಾರೆ. ಪೊರೆ ಬಂದು ಕಣ್ಣು ಕಾಣದ ಅಜ್ಜಿಗೆ ‘ವಯಸ್ಸಾಯಿತು’ ಅನ್ನುತ್ತಾರೆ. ಮಾನಸಿಕ ಕಾಯಿಲೆಯನ್ನಂತೂ ಯಾರೂ ಬರೆಸುವುದಿಲ್ಲ. ಈ ತೊಡಕನ್ನು ನಿವಾರಿಸಲೆಂದು ವಿಶ್ವಸಂಸ್ಥೆಯ ಸಂಖ್ಯಾಶಾಸ್ತ್ರ ಆಯೋಗದಡಿ 2001ರಲ್ಲಿ ರೂಪುಗೊಂಡ ವಾಷಿಂಗ್ಟನ್ ಗುಂಪು ಆರು ಸರಳ ಪ್ರಶ್ನೆಗಳನ್ನು ಸಿದ್ಧಪಡಿಸಿತು: ನೋಡಲು, ಕೇಳಲು, ನಡೆಯಲು ಅಥವಾ ಮೆಟ್ಟಿಲೇರಲು, ನೆನಪಿಡಲು, ಸ್ನಾನ ಮಾಡಿ ಬಟ್ಟೆ ತೊಡಲು, ಮಾತು ತಿಳಿಸಲು ಎಷ್ಟು ಕಷ್ಟವಾಗುತ್ತದೆ? ಹೀಗೆ ಕೇಳಿದ ದೇಶಗಳಲ್ಲಿ ಸಂಖ್ಯೆ ಸಾಮಾನ್ಯವಾಗಿ ಹಲವು ಪಟ್ಟು ಏರಿದೆ. ಲೆಕ್ಕಕ್ಕೆ ಸಿಗದವರಿಗೆ ಬಜೆಟ್ಟಿನಲ್ಲೂ ಪಾಲು ಸಿಗುವುದಿಲ್ಲವಾದ್ದರಿಂದ ಇದನ್ನು ಕೇವಲ ಸಂಖ್ಯಾಶಾಸ್ತ್ರಜ್ಞರ ತಕರಾರೆಂದು ತಳ್ಳಿಹಾಕುವಂತಿಲ್ಲ.

ಬಡತನದಿಂದ ಬರುವ ವೈಕಲ್ಯ

ಬಡವರ ಮನೆಗಳಲ್ಲಿ ಊನ ಹೆಚ್ಚು ಕಾಣುವುದಕ್ಕೆ ಕಾರಣಗಳು ಗುಟ್ಟಿನವಲ್ಲ. ಹೆರಿಗೆ ತಡವಾಗಿ ಉಸಿರು ಕಟ್ಟಿದ ಮಗು, ‘ಎ’ ಜೀವಸತ್ವದ ಕೊರತೆ, ಚಿಕಿತ್ಸೆಯಿಲ್ಲದೆ ಉಳಿದ ಕಿವಿ ಸೋರುವಿಕೆ, ಹೆಲ್ಮೆಟ್ಟಿಲ್ಲದ ಕಟ್ಟಡ ಕೆಲಸ, ಕಲ್ಲು ಕ್ವಾರಿಯ ದೂಳು ಎಲ್ಲವೂ ಆ ಪಟ್ಟಿಯಲ್ಲಿವೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳು ಮತ್ತು ಪಾವಗಡದ ಕಡೆ ಕೊಳವೆ ಬಾವಿಗಳು ಆಳಕ್ಕಿಳಿದಂತೆ ನೀರಿನಲ್ಲಿ ಫ್ಲೋರೈಡ್ ಏರಿತು. ಹಣವಿದ್ದವರು ಬೇರೆ ನೀರು ತರಿಸಿಕೊಂಡರು; ಶುದ್ಧ ನೀರಿನ ಘಟಕ ಊರಿಗೆ ಬರುವವರೆಗೂ ಕೂಲಿಯವರು ಅದೇ ನೀರು ಕುಡಿದು ಹಲ್ಲು ಕಂದಿಸಿಕೊಂಡರು, ಕೆಲವರ ಬೆನ್ನುಮೂಳೆ ಬಿಗಿಯಿತು. ಬಗ್ಗಲಾರದವನಿಗೆ ಹೊಲದಲ್ಲಿ ಕೆಲಸವೆಲ್ಲಿ?

ಪೋಲಿಯೊ ಇದಕ್ಕೆ ವಿರುದ್ಧವಾದ, ಸಮಾಧಾನದ ಉದಾಹರಣೆ. ಭಾರತದ ಕೊನೆಯ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚ್ 27ರಂದು ದೇಶ ಪೋಲಿಯೊ ಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ಪಶ್ಚಿಮ ಆಫ್ರಿಕದ ‘ನದಿ ಕುರುಡು’ ಕೂಡ ಇದೇ ಬಗೆಯದು. ಹರಿಯುವ ನೀರಿನ ಬಳಿ ಮೊಟ್ಟೆಯಿಡುವ ಕರಿನೊಣ ಹರಡುವ ಈ ರೋಗಕ್ಕೆ ಹೆದರಿ ಜನ ಫಲವತ್ತಾದ ಕಣಿವೆಗಳನ್ನೇ ಬಿಟ್ಟು ಬರಡು ನೆಲಕ್ಕೆ ಸರಿದಿದ್ದರು. 1974ರಲ್ಲಿ ಆರಂಭವಾಗಿ 2002ರವರೆಗೆ 11 ದೇಶಗಳಲ್ಲಿ ನಡೆದ ನಿಯಂತ್ರಣ ಕಾರ್ಯಕ್ರಮದಿಂದ ಸುಮಾರು 2.5 ಕೋಟಿ ಹೆಕ್ಟೇರ್ ಭೂಮಿ ಮತ್ತೆ ಸಾಗುವಳಿಗೆ ಒದಗಿತು.

ಕಾರ್ಖಾನೆಗಳೂ ಅಂಗವಿಕಲರನ್ನು ಸೃಷ್ಟಿಸುತ್ತವೆ. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ಸಾವರ್‌ನಲ್ಲಿ ಉಡುಪು ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದಾಗ 1,134 ಮಂದಿ ಸತ್ತರು. ಗಾಯಗೊಂಡ ಸುಮಾರು 2,500 ಮಂದಿಯಲ್ಲಿ ಅನೇಕರು ಕೈಕಾಲು ಕಳೆದುಕೊಂಡ ಸಿದ್ಧ ಉಡುಪಿನ ಕೆಲಸಗಾರರು, ಬಹುಪಾಲು ಹೆಂಗಸರು. ವ್ಯಾಲೆರಿ ಟೇಲರ್ 1979ರಲ್ಲಿ ಸ್ಥಾಪಿಸಿದ ಪಾರ್ಶ್ವವಾಯು ಪೀಡಿತರ ಪುನರ್ವಸತಿ ಕೇಂದ್ರ ಅದೇ ಸಾವರ್‌ನಲ್ಲಿದ್ದುದು ಅವರ ಮಟ್ಟಿಗೆ ಅದೃಷ್ಟ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೇಲ್ವಿಚಾರಣೆಯ 3 ಕೋಟಿ ಡಾಲರ್ ಪರಿಹಾರ ನಿಧಿ ತುಂಬುವಷ್ಟರಲ್ಲಿ ಎರಡು ವರ್ಷ ದಾಟಿತ್ತು. ಆ ಕಟ್ಟಡದಲ್ಲಿ ಹೊಲಿಸಿದ ಬಟ್ಟೆ ಅಂಗಡಿಗೆ ಮುಟ್ಟಲು ಅಷ್ಟು ಕಾಲ ಹಿಡಿಯುತ್ತಿರಲಿಲ್ಲ.

ಎಂಡೋಸಲ್ಫಾನ್ ಪ್ರದೇಶ

ಕನ್ನಡಿಗರಿಗೆ ತೀರ ಹತ್ತಿರದ ನಿದರ್ಶನ ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರು ತೋಟಗಳದು. 1970ರ ದಶಕದ ಕೊನೆಯಿಂದ 2000ದವರೆಗೆ ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಷನ್ನಿನ ತೋಟಗಳ ಮೇಲೆ ಟೀ ಸೊಳ್ಳೆಯೆಂಬ ಕೀಟದ ಕಾಟ ತಡೆಯಲು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಸಲಾಯಿತು. ತೋಟ ಗುಡ್ಡದ ಮೇಲೆ. ಮನೆ, ನೀರಿನ ಸುರಂಗ, ತೋಡು ಎಲ್ಲ ಅದರ ಬುಡದಲ್ಲಿ. ಮೇಲೆ ಬಿದ್ದದ್ದು ಮಳೆಯೊಡನೆ ಕೆಳಗಿಳಿಯಿತು. ಕನ್ನಡದ ಕೃಷಿ ಪತ್ರಕರ್ತ ಶ್ರೀ ಪಡ್ರೆ ಊನವಾಗಿ ಹುಟ್ಟಿದ ಕರುಗಳನ್ನು ಕಂಡು ಮೊದಲು ಎಚ್ಚರಿಸಿದರು. ಎಣ್ಮಕಜೆಯಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಸೆರೆಬ್ರಲ್ ಪಾಲ್ಸಿ ಅಸಹಜವಾಗಿ ಹೆಚ್ಚಿರುವುದನ್ನು ಗುರುತಿಸಿ ಬರೆದರು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಸುತ್ತಲೂ ಇದೇ ಕಥೆ. ಅಲ್ಲಿ ಸಿಂಪಡಿಸಿದ್ದು ಕರ್ನಾಟಕದ ಗೇರು ಅಭಿವೃದ್ಧಿ ನಿಗಮ. ಪ್ರತಿಯೊಂದು ಪ್ರಕರಣಕ್ಕೂ ಈ ವಿಷವೇ ಕಾರಣವೇ ಎಂಬ ಬಗ್ಗೆ ತಜ್ಞರಲ್ಲಿ ವಾದವುಂಟು. ಸುಪ್ರೀಂ ಕೋರ್ಟು 2011ರ ಮೇ 13ರಂದು ದೇಶಾದ್ಯಂತ ತಯಾರಿಕೆ, ಮಾರಾಟ ತಡೆಹಿಡಿಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ₹5 ಲಕ್ಷ ಕೊಡುವಂತೆ ಕೇರಳಕ್ಕೆ ಆದೇಶಿಸಿತು.

ಈ ಊರುಗಳಲ್ಲಿ ಬಡತನ ಹೇಗೆ ಕೆಲಸ ಮಾಡುತ್ತದೆಂಬುದನ್ನು ಮನೆಯೊಳಗೇ ಕಾಣಬಹುದು. ಇಪ್ಪತ್ತು ದಾಟಿದ ಮಗನನ್ನು ಎತ್ತಿ ಕೂರಿಸಿ, ಸ್ನಾನ ಮಾಡಿಸಿ, ಉಣ್ಣಿಸಿ, ಬಟ್ಟೆ ಒಗೆಯುವ ತಾಯಿಗೆ ಹೊರಗಿನ ಕೂಲಿಗೆ ಹೋಗಲಾಗುವುದಿಲ್ಲ. ಉಳಿಯುವುದು ಬೀಡಿ. ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಕಣ್ಣು ಮಗನ ಮೇಲಿಟ್ಟು, ಎಲೆ ಕತ್ತರಿಸಿ ಸುರುಳಿ ಸುತ್ತಬೇಕು. ಲೆಕ್ಕ ಸಾವಿರ ಬೀಡಿಗೆ ಇಂತಿಷ್ಟು. ಮಗನಿಗೆ ಫಿಟ್ಸ್ ಬಂದ ದಿನ ಸಾವಿರ ಮುಟ್ಟುವುದಿಲ್ಲ. ತಿಂಗಳ ಮಾತ್ರೆಗೆ, ಮಂಗಳೂರಿನ ಆಸ್ಪತ್ರೆಗೆ ಜೀಪು ಹಿಡಿಯಲು ಚಿನ್ನ ಬ್ಯಾಂಕಿಗೆ ಹೋಗುತ್ತದೆ. ಮನೆಯಲ್ಲಿ ಆರೋಗ್ಯವಂತಳಾದ ತಂಗಿಯಿದ್ದರೆ ಅವಳಿಗೆ ಬರುವ ಸಂಬಂಧವೂ ಹಿಂದೆ ಸರಿಯುತ್ತದೆ. ಪರಿಹಾರದ ಲೆಕ್ಕಪತ್ರದಲ್ಲಿ ಸಂತ್ರಸ್ತ ಒಬ್ಬನೇ. ಬಡವಾಗುವುದು ಇಡೀ ಮನೆ.

ಆದಾಯವೊಂದೇ ಅಳತೆಯಲ್ಲ

ಬಡತನದ ಗೆರೆ ಎಲ್ಲರಿಗೂ ಒಂದೇ ಎಂದು ಭಾವಿಸುವುದರಲ್ಲೇ ದೋಷವಿದೆಯೆಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ತೋರಿಸಿದರು. ಅವರ ಪ್ರಕಾರ ಅಂಗವಿಕಲರಿಗೆ ಇರುವ ತೊಡಕು ಎರಡು: ದುಡಿಯುವ ಅವಕಾಶ ಕಡಿಮೆ, ದುಡಿದ ಹಣವನ್ನು ಬದುಕಾಗಿ ಪರಿವರ್ತಿಸಿಕೊಳ್ಳಲು ತಗಲುವ ವೆಚ್ಚ ಹೆಚ್ಚು. ಬ್ರಿಟನ್ನಿನ ಕುಟುಂಬಗಳ ಬಗ್ಗೆ ವೀಬ್ಕೆ ಕುಕ್ಲಿಸ್ ನಡೆಸಿದ ಅಧ್ಯಯನವನ್ನು ಸೇನ್ ಉದಾಹರಿಸುತ್ತಾರೆ. ಅಲ್ಲಿ ಒಟ್ಟು ಶೇ. 17.9 ಜನ ಬಡತನದ ಗೆರೆಯ ಕೆಳಗಿದ್ದರು. ಅಂಗವಿಕಲ ಸದಸ್ಯರಿರುವ ಕುಟುಂಬಗಳಲ್ಲಿ ಶೇ. 23.1. ಈ ಹೆಚ್ಚಿನ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿದಾಗ ಅದು ಶೇ. 47.4ಕ್ಕೆ ಜಿಗಿಯಿತು. ಆರೋಗ್ಯ ಸೇವೆ ಬಹುಮಟ್ಟಿಗೆ ಉಚಿತವಾಗಿರುವ ಶ್ರೀಮಂತ ದೇಶದ ಸ್ಥಿತಿ ಇದು.

ನಮ್ಮಲ್ಲಿ ಖರ್ಚಿನ ರೂಪ ಬೇರೆ. ಶ್ರವಣ ಸಾಧನವನ್ನು ಶಿಬಿರದಲ್ಲಿ ಪುಕ್ಕಟೆ ಕೊಟ್ಟರೂ ಅದರ ಸೆಲ್ಲು ಕೊಳ್ಳುವವರು ಯಾರು? ತ್ರಿಚಕ್ರ ಸೈಕಲ್ಲಿನ ಚೈನು ಕಡಿದರೆ, ಮಗು ಬೆಳೆದು ಕ್ಯಾಲಿಪರ್ ಬಿಗಿಯಾದರೆ, ದುರಸ್ತಿಗೆ ಮತ್ತೆ ಜಿಲ್ಲಾ ಕೇಂದ್ರಕ್ಕೇ ಹೋಗಬೇಕು. ಜೊತೆಗೊಬ್ಬರು ಬರಬೇಕು, ಅವರ ಅಂದಿನ ಕೂಲಿಯೂ ಹೋಯಿತು. ಕರ್ನಾಟಕದ ಸಾರಿಗೆ ನಿಗಮಗಳು ವರ್ಷಕ್ಕೆ ₹660ಕ್ಕೆ ಅಂಗವಿಕಲರ ಪಾಸು ಕೊಡುತ್ತವೆ, ವಾಸಸ್ಥಳದಿಂದ 100 ಕಿ.ಮೀ.ವರೆಗೆ. ಒಳ್ಳೆಯ ಸೌಲಭ್ಯ. ಆದರೆ ಹಳ್ಳಿಗೆ ಬರುವ ಬಸ್ಸಿನ ಮೊದಲ ಮೆಟ್ಟಿಲು ಮೊಣಕಾಲಿನೆತ್ತರಕ್ಕಿರುತ್ತದೆ. ಊರುಗೋಲಿನವರನ್ನು ಯಾರಾದರೂ ತೋಳು ಹಿಡಿದು ಎಳೆದುಕೊಳ್ಳಬೇಕು, ಗಾಲಿಕುರ್ಚಿಯವರು ಆಟೋ ಹಿಡಿಯಬೇಕು. ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ (2015–16) ಮಾನಸಿಕ ರೋಗಿಗಳಿರುವ ಕುಟುಂಬಗಳು ಚಿಕಿತ್ಸೆಗೂ ಓಡಾಟಕ್ಕೂ ತಿಂಗಳಿಗೆ ₹1,000ದಿಂದ ₹1,500 ಖರ್ಚು ಮಾಡುತ್ತಿದ್ದುದನ್ನು ದಾಖಲಿಸಿತು. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದ ತಿರುಳೇ ಈ ಓಡಾಟವನ್ನು ತಪ್ಪಿಸುವುದಾಗಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಔಷಧ ಅಲ್ಲೇ ಸಿಗುವಂತೆ ಮಾಡಲಾಯಿತು. ಮುಂದೆ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಅದೇ ‘ಬಳ್ಳಾರಿ ಮಾದರಿ’ಯಾಯಿತು.

ಶಾಲೆ ಮತ್ತು ದುಡಿಮೆ

2011ರ ಗಣತಿಯಂತೆ ಭಾರತದ ಅಂಗವಿಕಲರಲ್ಲಿ ಅಕ್ಷರಸ್ಥರು ಶೇ. 55ರಷ್ಟು, ಹೆಂಗಸರಲ್ಲಿ ಶೇ. 45. ದೇಶದ ಒಟ್ಟು ಸಾಕ್ಷರತೆ ಆಗ ಶೇ. 73. ಅರ್ಥಶಾಸ್ತ್ರಜ್ಞ ಡಿಯಾನ್ ಫಿಲ್ಮರ್ 2008ರಲ್ಲಿ ಹಲವು ಅಭಿವೃದ್ಧಿಶೀಲ ದೇಶಗಳ 14 ಸಮೀಕ್ಷೆಗಳನ್ನು ಹೋಲಿಸಿ, ಶಾಲೆ ತಪ್ಪುವುದರಲ್ಲಿ ಹೆಣ್ಣು–ಗಂಡು, ಹಳ್ಳಿ–ಪೇಟೆ, ಬಡವ–ಸಿರಿವಂತ ಅಂತರಗಳಿಗಿಂತ ಅಂಗವೈಕಲ್ಯದ ಅಂತರವೇ ಅನೇಕ ಕಡೆ ದೊಡ್ಡದೆಂದು ತೋರಿಸಿದರು. ದಾಖಲಾತಿ ಆಂದೋಲನ ಎಲ್ಲ ಮಕ್ಕಳನ್ನೂ ಮುಟ್ಟಿತೆಂದು ಬೀಗುವ ರಾಜ್ಯಗಳು ಈ ಮಾತನ್ನು ಗಮನಿಸಬೇಕು.

2018ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೇ ಸುತ್ತಿನಲ್ಲಿ 15 ವರ್ಷ ದಾಟಿದ ಅಂಗವಿಕಲರ ಪೈಕಿ ದುಡಿಮೆಯಲ್ಲಿದ್ದವರು ಅಥವಾ ಕೆಲಸ ಹುಡುಕುತ್ತಿದ್ದವರು ಶೇ. 23.8 ಮಾತ್ರ. ಸರ್ಕಾರಿ ಹುದ್ದೆಗಳಲ್ಲಿ 1995ರ ಅಂಗವಿಕಲರ ಕಾಯ್ದೆ ಶೇ. 3, ಅದರ ಬದಲಿಗೆ ಬಂದ 2016ರ ಕಾಯ್ದೆ ಶೇ. 4 ಮೀಸಲಾತಿ ಕೊಟ್ಟಿವೆ. ಆದರೆ ಬಹುಪಾಲು ಜನ ಸರ್ಕಾರಿ ನೌಕರಿಯ ಅಂಚಿಗೂ ಬರುವವರಲ್ಲ. ಹೊಲ, ಗುತ್ತಿಗೆ ಕೆಲಸ, ಬೀಡಿ, ಅಗರಬತ್ತಿ ಎಲ್ಲ ಕಡೆಯೂ ಕೂಲಿ ಎಷ್ಟು ಮುಗಿಸಿದರೆ ಅಷ್ಟು. ಒಂದೇ ಕೈಯವ ಅಷ್ಟೇ ಹೊತ್ತು ಬೆವರು ಹರಿಸಿ ಅರ್ಧ ಕೂಲಿ ತರುತ್ತಾನೆ. ಇದನ್ನರಿತು ಕರ್ನಾಟಕ ಉದ್ಯೋಗ ಖಾತ್ರಿಯಡಿ ಅಂಗವಿಕಲರಿಗೆ ಕೆಲಸದ ಪ್ರಮಾಣದಲ್ಲಿ ಶೇ. 50 ರಿಯಾಯಿತಿ ನೀಡಿ ಪೂರ್ಣ ಕೂಲಿ ಕೊಡುವ ವ್ಯವಸ್ಥೆ ಮಾಡಿತು. ಸಣ್ಣ ಆದೇಶದಂತೆ ಕಂಡರೂ ಇಡೀ ಕ್ಷೇತ್ರದಲ್ಲೇ ತುಂಬ ವಿವೇಕದ ಕ್ರಮಗಳಲ್ಲಿ ಇದೊಂದು.

ಅಂಗವಿಕಲರನ್ನು ದುಡಿಮೆಯಿಂದ ದೂರವಿಟ್ಟರೆ ನಷ್ಟ ಅವರಿಗೆ ಮಾತ್ರವಲ್ಲ. ಹತ್ತು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಇದರಿಂದಾಗುವ ನಷ್ಟ ಒಟ್ಟು ದೇಶೀಯ ಉತ್ಪನ್ನದ ಶೇ. 3ರಿಂದ 7.

ಜಾತಿ, ಹೆಣ್ಣು, ಕುಷ್ಠ

ಅಂಚಿಗೆ ತಳ್ಳಲ್ಪಟ್ಟ ಸಮುದಾಯಗಳಲ್ಲಿ ಹೊರೆ ಇಮ್ಮಡಿ. 2011ರಲ್ಲಿ ಪರಿಶಿಷ್ಟ ಜಾತಿಗಳಲ್ಲಿ ಅಂಗವಿಕಲರ ಪ್ರಮಾಣ ಶೇ. 2.45 ಇದ್ದು ಸರಾಸರಿಗಿಂತ ಹೆಚ್ಚಿತ್ತು. ಪರಿಶಿಷ್ಟ ಪಂಗಡಗಳಲ್ಲಿ ಪ್ರಮಾಣ ಕಡಿಮೆ ಕಾಣಿಸಿದ್ದನ್ನು ಆರೋಗ್ಯದ ಗುರುತೆಂದು ತಿಳಿಯುವುದು ಕಷ್ಟ. ಕಾಡಂಚಿನ ಹಾಡಿಯಲ್ಲಿ ಊನವನ್ನು ಗುರುತಿಸುವವರೂ ಕಡಿಮೆ, ಊನವಿದ್ದು ಬದುಕುಳಿಯುವವರೂ ಕಡಿಮೆ. ಅಂಗವಿಕಲ ಗಂಡಿಗೆ ಮದುವೆಯಾದರೆ ಆರೈಕೆಗೊಬ್ಬಳು ಸಿಕ್ಕಳು ಎನ್ನುವ ಮನೆಗಳೇ ಅಂಗವಿಕಲ ಹೆಣ್ಣಿಗೆ ಆಸ್ತಿಯ ಪಾಲನ್ನೂ ಕೊಡದೆ ಅಣ್ಣನ ಹಂಗಿನಲ್ಲಿ ಉಳಿಸುವುದುಂಟು.

ಕುಷ್ಠದ ವಿಷಯದಲ್ಲಿ ಕಾನೂನೇ ಬಹುಕಾಲ ಕಳಂಕವನ್ನು ಪೋಷಿಸಿತು. 1898ರ ಕುಷ್ಠರೋಗಿಗಳ ಕಾಯ್ದೆ ರದ್ದಾದದ್ದು 2016ರಲ್ಲಿ. ಕುಷ್ಠವನ್ನು ವಿಚ್ಛೇದನದ ಕಾರಣವನ್ನಾಗಿ ಹೇಳುವ ಅವಕಾಶ ತೆಗೆದುಹಾಕಿದ್ದು 2019ರಲ್ಲಿ. ಬಹುಔಷಧ ಚಿಕಿತ್ಸೆ ಬಂದು ದಶಕಗಳಾಗಿದ್ದರೂ ಜಗತ್ತಿನ ಹೊಸ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾರತದವು. ಬೆರಳು ಸವೆದುಹೋದವರಿಗೆ ಪಡಿತರದಂಗಡಿಯ ಯಂತ್ರದ ಮೇಲೆ ಬೆರಳೊತ್ತಿ ಎನ್ನುವುದು ಕ್ರೂರ ತಮಾಷೆ. ವಿನಾಯಿತಿಯ ನಿಯಮವಿದೆ, ಆದರೆ ಅದು ಅಂಗಡಿಯವನಿಗೆ ಗೊತ್ತಿರಬೇಕು.

ಪ್ರಮಾಣಪತ್ರ ಮತ್ತು ಮಾಸಾಶನ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ (ಜಾರಿ: 2017ರ ಏಪ್ರಿಲ್ 19) ಹಿಂದಿನ ಏಳು ವರ್ಗಗಳನ್ನು 21ಕ್ಕೆ ಹಿಗ್ಗಿಸಿತು. ಸವಲತ್ತುಗಳಿಗೆ ಸಾಮಾನ್ಯವಾಗಿ ಶೇ. 40ರಷ್ಟು ಊನವಿರಬೇಕು. ಹೀಗಾಗಿ ಅಂಗವಿಕಲರು ಪರಸ್ಪರ ಭೇಟಿಯಾದಾಗ ‘ನಿಮ್ಮದು ಎಷ್ಟು ಪರ್ಸೆಂಟು?’ ಎಂದು ಕೇಳುವುದು ವಾಡಿಕೆಯಾಗಿದೆ. ಪರ್ಸೆಂಟು ಬರೆಯುವುದು ಜಿಲ್ಲಾ ಆಸ್ಪತ್ರೆಯ ವೈದ್ಯಕೀಯ ಮಂಡಳಿ, ಅದೂ ನಿಗದಿತ ದಿನ. ಮೂಳೆ ವೈದ್ಯರು ಇದ್ದರೆ ಕಾಲಿನ ಊನ ಬೇಗ ತೀರ್ಮಾನವಾಗುತ್ತದೆ. ಕಿವಿಯ ಪರೀಕ್ಷೆಗೆ ಯಂತ್ರ, ಬುದ್ಧಿಮಟ್ಟದ ಪರೀಕ್ಷೆಗೆ ಮನಶ್ಶಾಸ್ತ್ರಜ್ಞರು ಬೇಕು. ಇಲ್ಲದಿದ್ದರೆ ಇನ್ನೊಂದು ಊರಿಗೆ ಚೀಟಿ. ಆಮೇಲೆ ಆಧಾರ್, ಬಿಪಿಎಲ್ ಕಾರ್ಡು, ಆದಾಯ ಪತ್ರ, ಪಾಸ್‌ಬುಕ್ಕು ಹಿಡಿದು ನಾಡಕಚೇರಿ. 2018ರ ಸಮೀಕ್ಷೆಯಲ್ಲಿ ಪ್ರಮಾಣಪತ್ರ ಹೊಂದಿದ್ದವರು ಶೇ. 28.8, ಸರ್ಕಾರದ ಯಾವುದಾದರೊಂದು ನೆರವು ಪಡೆದವರು ಶೇ. 21.8. ಈಗಿನ ಯುಡಿಐಡಿ ಕಾರ್ಡು ದೇಶಕ್ಕೆಲ್ಲ ಒಂದೇ ಗುರುತನ್ನು ಕೊಟ್ಟಿದೆ. ಮಂಡಳಿಯ ಸರತಿಯನ್ನು ಅದು ತಪ್ಪಿಸಿಲ್ಲ.

ಕರ್ನಾಟಕ ಈ ದಾರಿಯನ್ನು ಸ್ವಲ್ಪ ಹತ್ತಿರ ಮಾಡಿದ್ದು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಮೂಲಕ. ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬರು, ತಾಲ್ಲೂಕಿಗೆ ಒಬ್ಬರು ವಿವಿಧೋದ್ದೇಶ ಕಾರ್ಯಕರ್ತರು. ಜನರ ಬಾಯಲ್ಲಿ ವಿಆರ್‌ಡಬ್ಲ್ಯು, ಎಂಆರ್‌ಡಬ್ಲ್ಯು. ಇವರೂ ಅಂಗವಿಕಲರೇ. ಯಾರ ಅರ್ಜಿ ಯಾವ ಮೇಜಿನಲ್ಲಿ ನಿಂತಿದೆಯೆಂಬುದು ಇವರಿಗೆ ಗೊತ್ತಿರುತ್ತದೆ. ದುಡಿಮೆಗೆ ಸಿಗುವುದು ಗೌರವಧನ ಮಾತ್ರ. ಸೇವೆ ಕಾಯಂ ಮಾಡಿ ಎಂಬ ಇವರ ಬೇಡಿಕೆ ಹಳೆಯದು, ನ್ಯಾಯವಾದದ್ದೂ ಹೌದು.

ಮಾಸಾಶನದ ವಿಷಯದಲ್ಲಿ ಬೇರೆ ದೇಶಗಳ ದಾರಿ ಬೇರೆಬೇರೆ. ಬ್ರೆಜಿಲಿನ 1988ರ ಸಂವಿಧಾನ ಬಡ ಅಂಗವಿಕಲರಿಗೆ ತಿಂಗಳಿಗೆ ಒಂದು ಕನಿಷ್ಠ ವೇತನದಷ್ಟು ಹಣವನ್ನು ಹಕ್ಕಾಗಿ ಕೊಟ್ಟಿತು. 1996ರಿಂದ ಅದು ಜಾರಿಯಲ್ಲಿದೆ. ಅಭಿವೃದ್ಧಿಶೀಲ ದೇಶಗಳಲ್ಲಿ ಇಷ್ಟು ಉದಾರವಾದದ್ದು ವಿರಳ. ದಕ್ಷಿಣ ಆಫ್ರಿಕದಲ್ಲಿ ವರ್ಣಭೇದದ ಕಾಲದಲ್ಲಿ ಬಿಳಿಯರಿಗೊಂದು, ಕರಿಯರಿಗೊಂದು ಮೊತ್ತವಿದ್ದ ಅನುದಾನ 1990ರ ದಶಕದಲ್ಲಿ ಸಮಾನವಾಯಿತು. ಅಲ್ಲೊಂದು ವಿಚಿತ್ರ ಇಕ್ಕಟ್ಟೂ ಕಾಣಿಸಿತು: ಏಡ್ಸ್ ಔಷಧದಿಂದ ಚೇತರಿಸಿಕೊಂಡವರ ಅನುದಾನ ನಿಲ್ಲುತ್ತಿತ್ತು, ಕೆಲಸ ಮಾತ್ರ ಸಿಗುತ್ತಿರಲಿಲ್ಲ. ನೇಪಾಳ ಊನದ ತೀವ್ರತೆಯನ್ನು ಕೆಂಪು, ನೀಲಿ, ಹಳದಿ, ಬಿಳಿ ಕಾರ್ಡುಗಳಲ್ಲಿ ವಿಂಗಡಿಸಿದೆ. ಭತ್ಯೆ ಸಿಗುವುದು ಮೊದಲ ಎರಡಕ್ಕೆ.

ಸಾಧನಗಳ ವಿಷಯದಲ್ಲಿ ಭಾರತದ ದೊಡ್ಡ ಕೊಡುಗೆ ಜೈಪುರ ಪಾದ. 1960ರ ದಶಕದ ಕೊನೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಡಾ. ಪಿ.ಕೆ. ಸೇಠಿ ರೂಪಿಸಿದ ಈ ರಬ್ಬರು ಪಾದ ವಿದೇಶಿ ಕೃತಕ ಕಾಲಿನಂತೆ ಬೂಟು ಬೇಡುವುದಿಲ್ಲ. ಹಾಕಿಕೊಂಡು ಗದ್ದೆಯ ಕೆಸರಿಗಿಳಿಯಬಹುದು, ಚಕ್ಕಳಮಕ್ಕಳ ಹಾಕಬಹುದು, ಕುಕ್ಕರುಗಾಲಿನಲ್ಲಿ ಕೂರಬಹುದು. ಬಳಸುವವರ ಬದುಕನ್ನು ನೋಡಿ ಮಾಡಿದ ವಸ್ತು ಅದು. ನೆಲಬಾಂಬಿನಿಂದ ಕಾಲು ಕಳೆದುಕೊಂಡ ಅಫ್ಘಾನಿಸ್ತಾನದ ಜನರವರೆಗೂ ಹೋಯಿತು. ಬೆಂಗಳೂರಿನಲ್ಲಿ ಎನ್.ಎಸ್. ಹೇಮಾ ಮತ್ತು ಜೊತೆಗಾರರು 1959ರಲ್ಲಿ ಕಟ್ಟಿದ ಅಂಗವಿಕಲರ ಸಂಘ (ಎಪಿಡಿ) ತರಬೇತಿಯನ್ನೂ ಶಿಕ್ಷಣವನ್ನೂ ಅಂಗವಿಕಲರ ಕೈಯಿಂದಲೇ ನಡೆಸಬಹುದೆಂದು ತೋರಿಸಿದ ಹಳೆಯ ಸಂಸ್ಥೆಗಳಲ್ಲೊಂದು.

ನಮ್ಮ ಮಾಸಾಶನದ ಮಾತಿಗೆ ಬಂದರೆ, ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿ 2009ರಲ್ಲಿ ತಿಂಗಳಿಗೆ ₹200ರಿಂದ ಆರಂಭವಾಯಿತು. ಅದು ಬಡತನದ ಗೆರೆಗಿಂತ ಕೆಳಗಿನ, 18ರಿಂದ 79 ವರ್ಷದ, ಶೇ. 80ಕ್ಕಿಂತ ಕಡಿಮೆಯಿಲ್ಲದ ಊನವಿರುವವರಿಗೆ ಮಾತ್ರ. ಕಾಯ್ದೆ ಶೇ. 40ನ್ನು ಒಪ್ಪಿದೆ, ಪಿಂಚಣಿ ಅದರ ಎರಡರಷ್ಟು ಕೇಳುತ್ತದೆ. ಕರ್ನಾಟಕ ತನ್ನ ಬೊಕ್ಕಸದಿಂದ ಸೇರಿಸಿ ಶೇ. 40 ದಾಟಿದವರಿಗೆ ₹800, ಶೇ. 75 ದಾಟಿದವರಿಗೆ ₹1,400 ಕೊಡುತ್ತಾ ಬಂದಿದೆ. 2025–26ರಲ್ಲಿ ರಾಜ್ಯದ ಉದ್ಯೋಗ ಖಾತ್ರಿ ದಿನಗೂಲಿ ₹370 ಇದ್ದುದನ್ನು ನೋಡಿದರೆ ₹800 ಎರಡು ದಿನದ ಕೂಲಿಗಿಂತ ತುಸು ಹೆಚ್ಚು. ಕೇಂದ್ರದ ಪಾಲು 2012ರಲ್ಲಿ ₹300 ಆಯಿತು, ಅಂದಿನಿಂದ ಹೆಚ್ಚಿಲ್ಲ.